ಹೇಮಶ್ರೀ ಭಾನುವಾರ ಓಡಬಾರದು, ಮೇಷ್ಟ್ರೇ

ಬಟವಾಡಿ
ಶುಕ್ರವಾರ ಮಧ್ಯಾಹ್ನ

ಪೂಜ್ಯ ಗಂಗಹನುಮಯ್ಯ ಮೇಷ್ಟ್ರಿಗೆ ನಿಮ್ಮ ಸುಧಾಳ ನಮಸ್ಕಾರ.

ನನ್ನ ಅಕ್ಷರ ನೋಡಿದ ಕೂಡಲೇ ಕಾಗದ ಮಡಚಿ ಪಕ್ಕಕ್ಕಿಡಬೇಡಿ. ನಿನ್ನೆ ಬೆಳಿಗ್ಗೆ ಗುಬ್ಬಿ ಕಾಲೇಜು ಮೈದಾನದಲ್ಲಿ ನನ್ನ ಮಾತನ್ನು ನೀವು ಅರ್ಧಕ್ಕೇ ತಡೆದಿರಿ. ಕಾಗದವನ್ನು ಹಾಗೆ ಗದರಿಸಿ ಸುಮ್ಮನಾಗಿಸಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ. ವಿಷಯ ಒಂದೇ. ನಾಡಿದ್ದು ಭಾನುವಾರ ತುಮಕೂರಿನಲ್ಲಿ ನಡೆಯುವ ಹತ್ತು ಸಾವಿರ ಮೀಟರ್ ಆಯ್ಕೆ ಓಟದಲ್ಲಿ ನಿಮ್ಮ ಮೊಮ್ಮಗಳು ಹೇಮಶ್ರೀ ಓಡಬಾರದು. ಅವಳ ಎಡಗಾಲಿನ ಮೂಳೆ ಬಿರುಕು ಬಿಟ್ಟಿರಬೇಕು. ಓಡಿದರೆ ಮುರಿಯುತ್ತದೆ. ನಿನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು ಮೇಷ್ಟ್ರೇ?

ಕಳೆದ ಜೂನಿನಲ್ಲಿ ಕುಣಿಗಲ್ ಕೆರೆಯ ಏರಿಯ ಮೇಲೆ ನಡೆದ ಓಟ ನಿಮಗೆ ಮರೆತಿರಲಾರದು. ಎಂಟನೇ ಕಿಲೋಮೀಟರಿನಲ್ಲಿ ನನ್ನ ಮೊಣಕಾಲಿನ ಕೆಳಗೆ ಒಣಗರಿ ಮುರಿದ ಹಾಗೆ ಸದ್ದಾಯಿತು. ನೀವು ಮೊಪೆಡ್ ಮೇಲೆ ಪಕ್ಕದಲ್ಲೇ ಬರುತ್ತಿದ್ದಿರಿ. "ಏನಿಲ್ಲ ಕಣಮ್ಮ, ಹಿಡ್ಕೊಂಡೈತೆ ಅಷ್ಟೆ. ಬಿಸಿ ಆದ್ರೆ ಬುಡ್ತದೆ, ಓಡು ಓಡು" ಅಂದಿರಿ. ನಾನು ಓಡಿದೆ. ಇನ್ನೂ ಎರಡು ಕಿಲೋಮೀಟರ್, ಹಲ್ಲು ಕಚ್ಚಿಕೊಂಡು. ಸುಣ್ಣದ ಗೆರೆ ದಾಟಿ ಬಿದ್ದವಳನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡದ್ದೂ ನೀವೇ. ಆ ಸಂಜೆ ಹರಳೆಣ್ಣೆ ಬಿಸಿ ಮಾಡಿ ತಂದು ನನ್ನ ಕಾಲು ನೀವಿದಿರಿ. ಮುರಿದ ಮೂಳೆಯನ್ನು ನೀವಿದಿರಿ. ನಾನು ಕಿರುಚಲಿಲ್ಲ, ಯಾಕೆಂದರೆ ನಿಮ್ಮ ಕಣ್ಣಲ್ಲಿ ನೀರಿತ್ತು.

ನಿಮ್ಮನ್ನು ದೂರಲು ಇದನ್ನೆಲ್ಲ ತೆಗೆಯುತ್ತಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಕೂತು "ಹನುಮಂತಮ್ಮ, ಐದು ವರ್ಷ ಇವ್ಳ ಮದ್ವೆ ಮಾತು ಎತ್ತಂಗಿಲ್ಲ" ಎಂದು ಅವ್ವನನ್ನೇ ಗದರಿಸಿದವರು ನೀವು. ಬಿದರೆಹಳ್ಳಿ ಕಾವಲ್ ರಸ್ತೆಯಲ್ಲಿ ನಾಯಿಗಳು ಅಟ್ಟಿಸಿಕೊಂಡು ಬಂದಾಗ ಮೊಪೆಡ್ ಬಿಸಾಕಿ, ಕಲ್ಲು ಹಿಡಿದು, ನನಗಿಂತ ಜೋರಾಗಿ ಓಡಿದವರೂ ನೀವು. ಅಪ್ಪ ಬದುಕಿದ್ದರೆ ಹೀಗೇ ಇರುತ್ತಿದ್ದನೇನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಿಮಗೆ ಎದುರಾಡುವುದು ನನಗೆ ಇಷ್ಟು ಕಷ್ಟವಾಗುವುದು ಅದಕ್ಕೇ.

ಆದರೆ ಆ ತೂಕದ ಮೆಷಿನ್ನು, ಮೇಷ್ಟ್ರೇ. ಪ್ರತಿ ಸೋಮವಾರ ಪ್ರಾಕ್ಟೀಸ್ ಮುಗಿದ ಮೇಲೆ ನಮ್ಮನ್ನೆಲ್ಲ ಸಾಲಾಗಿ ನರಸಯ್ಯನವರ ಕೊಬ್ಬರಿ ಮಂಡಿಗೆ ಕರೆದುಕೊಂಡು ಹೋಗುತ್ತೀರಿ. ಕೊಬ್ಬರಿ ಚೀಲ ತೂಗುವ ಕಬ್ಬಿಣದ ಹಲಗೆಯ ಮೇಲೆ ಒಬ್ಬೊಬ್ಬಳೇ ಹತ್ತಬೇಕು. "ಏನ್ಲೇ, ಒಂದ್ ಚೀಲದಷ್ಟೂ ತೂಗಲ್ವಲ್ಲೇ ನೀನು" ಎಂದು ಹಮಾಲಿಗಳು ನಗುತ್ತಾರೆ. ನಲವತ್ನಾಲ್ಕು ಕೆ.ಜಿ. ದಾಟಿದವಳಿಗೆ ಆ ವಾರವೆಲ್ಲ ರಾತ್ರಿ ಮುದ್ದೆ ಇಲ್ಲ, ಬರೀ ಮಜ್ಜಿಗೆ. ತೆಳ್ಳಗಿದ್ದವಳೇ ಜೋರಾಗಿ ಓಡುವುದು ಎಂದು ನೀವು ಮನಸಾರೆ ನಂಬಿದ್ದಿರಿ, ನಿಮ್ಮನ್ನು ನಾವು ನಂಬಿದ್ದೆವು. ಭಾನುವಾರ ರಾತ್ರಿ ಅವ್ವನ ಕಣ್ಣು ತಪ್ಪಿಸಿ ಮುದ್ದೆಯನ್ನು ಹಿತ್ತಲ ನಾಯಿಗೆ ಹಾಕಿ, ಸೋಮವಾರ ಹಗುರಾಗಿ ಬಂದು ಹಲಗೆ ಹತ್ತುತ್ತಿದ್ದೆ. ನೀವು ಭೇಷ್ ಅನ್ನುತ್ತಿದ್ದಿರಿ. ಹಾಗೆ ಕಳೆದ ಎರಡು ವರ್ಷದಲ್ಲಿ ಮೈ ತುಂಬಿಕೊಂಡದ್ದು ನಮ್ಮ ನಾಯಿ ಮಾತ್ರ.

ಕಾಲಿಗೆ ಕಟ್ಟು ಹಾಕಿದ ಡಾಕ್ಟರಮ್ಮ ಮೊದಲು ಕೇಳಿದ್ದು ಕಾಲಿನ ವಿಷಯವಲ್ಲ. ಇದನ್ನು ನಿಮಗೆ ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಬರೆಯಲೇಬೇಕು. "ಮುಟ್ಟು ಕೊನೇ ಸಲ ಯಾವಾಗಮ್ಮ ಆಗಿದ್ದು?" ಎಂದರು. ಹತ್ತು ತಿಂಗಳಾಗಿತ್ತು. ಪೀಡೆ ಕಳೆಯಿತು, ಇನ್ನು ಪ್ರಾಕ್ಟೀಸ್ ತಪ್ಪುವುದಿಲ್ಲ ಎಂದು ನಾನು ಖುಷಿಯಾಗಿಯೇ ಇದ್ದೆ. ಓಡುವಷ್ಟು ಉಣ್ಣದೆ ಹೋದರೆ ಮೈ ಮೊದಲು ಅದನ್ನು ನಿಲ್ಲಿಸುತ್ತದೆ, ಆಮೇಲೆ ಮೂಳೆ ಸತ್ವ ಕಳೆದುಕೊಳ್ಳುತ್ತದೆ, ದಿನಾ ಬೀಳುವ ಪೆಟ್ಟಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟುಕೊಂಡು ಒಂದು ದಿನ ಮುರಿದೇ ಹೋಗುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಅವ್ವ ಅಲ್ಲೇ ಹಣೆ ಚಚ್ಚಿಕೊಂಡಳು. "ಅಯ್ಯೋ, ನಾನ್ ಇಕ್ಕಿದ್ ಮುದ್ದೆನೆಲ್ಲ ಏನ್ ಮಾಡ್ದೆಯೇ ನೀನು?" ನಾಯಿಯ ವಿಷಯ ಹೊರಬಿದ್ದದ್ದು ಅವತ್ತೇ.

ಕಟ್ಟು ಬಿಚ್ಚಿದಾಗ ನನ್ನ ಎಡಗಾಲು ಒಣಗಿದ ನುಗ್ಗೆಕಾಯಿಯಂತಿತ್ತು. ಡಾಕ್ಟರಮ್ಮನೇ ಇಲ್ಲಿಗೆ ಕಳಿಸಿದರು, ತುಮಕೂರಿನ ಬಟವಾಡಿಯಲ್ಲಿ ಔಷಧಿ ಅಂಗಡಿಯ ಮಹಡಿಯ ಮೇಲೆ ತಿಮ್ಮೇಶ್ ಸರ್ ನಡೆಸುವ ಜಿಮ್ಮಿಗೆ. ಹುಡುಗರು ಕನ್ನಡಿಯ ಮುಂದೆ ತೋಳು ಉಬ್ಬಿಸಿಕೊಳ್ಳುವ ಜಾಗ, ಹೆಣ್ಣು ಅಂತ ನಾನೊಬ್ಬಳೇ. ಹೆಣ್ಣುಮಕ್ಕಳು ಭಾರ ಎತ್ತಿದರೆ ಮೈ ಬಿಗಿದುಕೊಂಡು ಓಟ ಕೆಡುತ್ತದೆ ಎಂದು ನೀವು ಹೇಳುತ್ತಿದ್ದದ್ದು ಕಿವಿಯಲ್ಲೇ ಇತ್ತು. ಮೊದಲ ದಿನ ಮೆಟ್ಟಿಲ ಅಂಚಿನಲ್ಲಿ ಎಡಗಾಲೊಂದರ ಮೇಲೆಯೇ ನಿಂತು ಹಿಮ್ಮಡಿ ಎತ್ತಿ ಇಳಿಸು ಎಂದರು ಸರ್. ಮೂರು ಸಲ ಎತ್ತಿದೆ. ನಾಲ್ಕನೆಯದಕ್ಕೆ ಕಾಲು ಗಡಗಡ ನಡುಗಿ, ಕಂಬಿ ಹಿಡಿದುಕೊಂಡು ಅತ್ತುಬಿಟ್ಟೆ. "ಅಳು, ಪರ್ವಾಗಿಲ್ಲ. ಅತ್ಕೊಂಡೇ ನಾಲ್ಕನೇದು ಎತ್ತು" ಅಂದರು ತಿಮ್ಮೇಶ್ ಸರ್. ಆಮೇಲೆ ಬರೀ ರಾಡು ಹೆಗಲ ಮೇಲಿಟ್ಟುಕೊಂಡು ಕೂತೇಳುವುದು, ತಿಂಗಳಾದ ಮೇಲೆ ಅದಕ್ಕೆ ಸಣ್ಣ ಸಣ್ಣ ಪ್ಲೇಟು. ವಾರಕ್ಕೆ ಎರಡೇ ದಿನ. ಓಟವಂತೂ ಮೊದಲು ನಿಮಿಷ ಓಡಿ ನಿಮಿಷ ನಡೆಯುವುದರಿಂದ ಶುರು. ನೋವಾದರೆ ಆ ಕ್ಷಣ ಬಾಯಿ ಬಿಟ್ಟು ಹೇಳಬೇಕು ಎನ್ನುವುದು ಅವರ ಮೊದಲ ಪಾಠ. ನಮ್ಮ ಮೈದಾನದಲ್ಲಿ ನಾನು ಮೊದಲು ಕಲಿತದ್ದು ಮುಚ್ಚಿಡುವುದನ್ನು. ಈಗ ಅದೇ ಕಾಲಿನಲ್ಲಿ ಇಪ್ಪತ್ತೈದು ಸಲ ಹಿಮ್ಮಡಿ ಎತ್ತುತ್ತೇನೆ, ಐವತ್ತೈದು ಕೆ.ಜಿ. ನೆಲದಿಂದ ಎತ್ತುತ್ತೇನೆ.

ಊಟದ ವಿಷಯಕ್ಕೆ ಅವ್ವನೇ ಪೊಲೀಸು. ಓಡುವ ಮೊದಲು ಬಾಳೆಹಣ್ಣು, ಓಡಿ ಬಂದ ಅರ್ಧ ಗಂಟೆಯೊಳಗೆ ಎರಡು ಮೊಟ್ಟೆ ಮತ್ತು ಒಂದು ಬೊಗಸೆ ಬೇಯಿಸಿದ ಕಡಲೆಕಾಯಿ, ಮಧ್ಯಾಹ್ನ ಅನ್ನದ ಜೊತೆ ಕಾಳು, ಮೊಸರು, ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು. ತಟ್ಟೆ ಖಾಲಿಯಾಗುವ ತನಕ ಎದುರಿಗೇ ಕೂರುತ್ತಾಳೆ. ನವೆಂಬರಿನಲ್ಲಿ ಮುಟ್ಟು ಮತ್ತೆ ಬಂದಾಗ ಅವ್ವ ಪಾಯಸ ಮಾಡಿದಳು. ಏನು ವಿಶೇಷ ಎಂದು ಕೇಳಿದ ಪಕ್ಕದ ಮನೆಯವರಿಗೆ "ಸುಮ್ನೆ" ಅಂದಳು. ಈಗ ನಾನು ಐವತ್ತು ಕೆ.ಜಿ. ಇದ್ದೇನೆ. ಕಳೆದ ತಿಂಗಳು ಮೈದಾನಕ್ಕೆ ಮರಳಿ ಬಂದಾಗ ನೀವು "ಏನಮ್ಮ, ಗಂಡು ಗೊತ್ತಾಯ್ತಾ? ಮೈಕೈ ತುಂಬ್ಕೊಂಡಿದೀಯ" ಅಂದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸು ಹತ್ತಿ ಕೂತ ಮೇಲೆ ಸಿಟ್ಟು ಬಂತು.

ಈಗ ಮೊನ್ನೆಯ ವಿಷಯ. ಬುಧವಾರ ಪ್ರಾಕ್ಟೀಸ್ ಮುಗಿದ ಮೇಲೆ ಹೇಮಶ್ರೀ ನಲ್ಲಿಯ ಹಿಂದೆ ಒಬ್ಬಳೇ ಕೂತು ಎಡಗಾಲಿನ ಮುಂಭಾಗವನ್ನು ಹೆಬ್ಬೆರಳಿನಿಂದ ಒತ್ತಿಕೊಳ್ಳುತ್ತಿದ್ದಳು. ಒತ್ತುವುದು, ಉಸಿರು ಬಿಗಿ ಹಿಡಿಯುವುದು, ಸುತ್ತ ನೋಡುವುದು. ಕುಣಿಗಲ್ ಓಟಕ್ಕೆ ಮುಂಚೆ ನಾನು ಇದನ್ನೇ ಮಾಡುತ್ತಿದ್ದೆ. ಹೋಗಿ ಪಕ್ಕದಲ್ಲಿ ಕೂತೆ. "ಏನಿಲ್ಲ ಅಕ್ಕ, ಹಿಡ್ಕೊಂಡೈತೆ ಅಷ್ಟೆ" ಅಂದಳು. ಎಷ್ಟು ದಿನದಿಂದ ಎಂದರೆ ಮೂರು ವಾರ. ರಾತ್ರಿ ಮಲಗಿದಾಗಲೂ ನೋಯುತ್ತದಂತೆ. ಮುಟ್ಟು ಕೊನೆಯ ಸಲ ಆದದ್ದು ದೀಪಾವಳಿಗೂ ಮುಂಚೆ, ಈಗ ಶಿವರಾತ್ರಿ ಹತ್ತಿರ ಬಂತು. ಊಟ ಮಾಡ್ತೀಯೇನೇ ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಭಾನ್ವಾರ ರಾತ್ರಿ ಬುಟ್ಬುಡ್ತೀನಿ ಅಕ್ಕ. ತೂಕ ಸರ್ಯಾಗ್ ಬತ್ತದೆ ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ?"

ಹೌದು ಮೇಷ್ಟ್ರೇ, ನಾನೇ ಹೇಳಿಕೊಟ್ಟಿದ್ದೆ. ಎರಡು ವರ್ಷದ ಹಿಂದೆ ಅವಳು ಮೊದಲ ಸಲ ಆ ಹಲಗೆ ಹತ್ತಿ, ನೀವು ಎಲ್ಲರೆದುರು ಬೈದು, ಅವಳು ಮಂಡಿಯ ಹಿಂದೆ ನಿಂತು ಅಳುತ್ತಿದ್ದಾಗ, ಜಾಣೆಯ ಹಾಗೆ ಹೋಗಿ ಕಿವಿಯಲ್ಲಿ ಉಪಾಯ ಹೇಳಿದವಳು ನಾನು. ಭಾನುವಾರ ರಾತ್ರಿಗೆ ಮಾತ್ರ ಅಂದಿದ್ದೆ. ಅವಳೀಗ ವಾರಕ್ಕೆ ಮೂರು ರಾತ್ರಿ ಉಣ್ಣುವುದಿಲ್ಲ. ನಿಮ್ಮ ಮಗಳ ಮಗಳು, ನಿಮ್ಮ ಮನೆಯಲ್ಲೇ ಬೆಳೆದ ಮಗು, ನಿಮ್ಮ ಪಕ್ಕದಲ್ಲೇ ಹಸಿದು ಮಲಗುತ್ತಿದೆ. "ಅಜ್ಜಂಗೆ ಹೇಳ್ಬೇಡಕ್ಕ, ಕೈ ಮುಗೀತೀನಿ. ಭಾನ್ವಾರ ಒಂದ್ ಓಡ್ಬುಡ್ತೀನಿ" ಅಂದಳು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದನ್ನೂ ಬರೆದುಬಿಡುತ್ತೇನೆ. ಎರಡು ವಾರದ ಹಿಂದೆ ನಿಮ್ಮ ಸ್ಟಾಪ್‌ವಾಚಿನಲ್ಲಿ ಅವಳು ನನಗಿಂತ ಎಂಟು ಸೆಕೆಂಡು ಮುಂದೆ ಬಂದಳು. ಭಾನುವಾರ ಜಿಲ್ಲೆಯಿಂದ ರಾಜ್ಯ ಕೂಟಕ್ಕೆ ಆಯ್ಕೆಯಾಗುವುದು ಒಬ್ಬಳೇ. ಅದು ಅವಳು, ಇಲ್ಲದಿದ್ದರೆ ನಾನು, ಮೂರನೆಯವಳು ಸದ್ಯಕ್ಕೆ ಇಲ್ಲ. ಇಪ್ಪತ್ಮೂರು ವರ್ಷದೊಳಗಿನವರ ವಿಭಾಗದಲ್ಲಿ ನನಗೆ ಇದೇ ಕೊನೆಯ ಅವಕಾಶ. ಬುಧವಾರ ಮನೆಗೆ ಬಂದವಳು ಊಟದ ಮುಂದೆ ಕೂತು ಯೋಚಿಸಿದೆ: ಸುಮ್ಮನಿದ್ದರೆ ಆರನೇ ಏಳನೇ ಕಿಲೋಮೀಟರಿನಲ್ಲಿ ಅವಳು ಬೀಳುತ್ತಾಳೆ, ನಾನು ಮುಂದೆ ಹೋಗುತ್ತೇನೆ, ಯಾರೂ ನನ್ನನ್ನು ಏನೂ ಅನ್ನುವ ಹಾಗಿಲ್ಲ. ಅರ್ಧ ಗಂಟೆ ನಾನು ಇದನ್ನು ನಿಜವಾಗಿಯೂ ಬಯಸಿದೆ. ಅವ್ವ "ಯಾಕೆ, ಮುದ್ದೆ ಇಳೀತಿಲ್ವಾ?" ಎಂದಾಗ ನನ್ನ ಬಗ್ಗೆಯೇ ನನಗೆ ಅಸಹ್ಯವಾಯಿತು.

ಅದಕ್ಕೇ ನಿನ್ನೆ ಬೆಳಗಾಗುತ್ತಲೇ ನಿಮ್ಮ ಹತ್ತಿರ ಓಡಿ ಬಂದದ್ದು. "ಹೇಮಶ್ರೀ ಕಾಲು" ಅನ್ನುವಷ್ಟರಲ್ಲಿ ನೀವು ಕೈ ಎತ್ತಿದಿರಿ. "ಸೋಲೋ ಭಯಕ್ಕೆ ಹಿಂಗೆಲ್ಲ ಮಾತಾಡ್ಬಾರ್ದು ಕಣಮ್ಮ. ನಿಂಗೆ ಹೊಟ್ಟೆಕಿಚ್ಚು. ಇಂಥೋಳು ಅಂತ ನಂಗ್ ಗೊತ್ತಿರ್ಲಿಲ್ಲ" ಅಂದಿರಿ. ಹೇಮಶ್ರೀಯನ್ನೇ ಕರೆದು ಕೇಳಿದಿರಿ. ಅವಳು ನೆಲ ನೋಡುತ್ತಾ "ನಂಗೇನೂ ಆಗಿಲ್ಲ ಅಜ್ಜ" ಅಂದಳು. ನಾನು ಅಲ್ಲಿಂದ ಬಂದುಬಿಟ್ಟೆ. ದಿನವಿಡೀ ನಿಮ್ಮ ಮೇಲೆ ಕುದಿಯುತ್ತಿದ್ದೆ. ಸಂಜೆಯ ಹೊತ್ತಿಗೆ ಒಂದು ವಿಷಯ ಹೊಳೆಯಿತು. ನಾನು ಆ ಓಟದ ಪಟ್ಟಿಯಲ್ಲಿ ಇರುವ ತನಕ ನೀವು ನನ್ನ ಮಾತು ನಂಬುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಆಯ್ಕೆ ಸಮಿತಿಯ ಆಫೀಸಿಗೆ ಹೋಗಿ ನನ್ನ ಹೆಸರು ವಾಪಸ್ ತೆಗೆದುಕೊಂಡೆ. "ಕಾರಣ ಏನಂತ ಬರ್ಕೊಳ್ಲಮ್ಮ, ಕಾಲು ನೋವಾ?" ಎಂದು ಗುಮಾಸ್ತರು ಕೇಳಿದರು. "ಇಲ್ಲ ಸರ್, ಕಾಲು ಗಟ್ಟಿಯಾಗಿದೆ" ಅಂದೆ. ಅವರು ವಿಚಿತ್ರವಾಗಿ ನೋಡಿ ಗೆರೆ ಎಳೆದರು. ಹೊರಗೆ ಬಂದು ಟ್ರ್ಯಾಕಿನ ಬೇಲಿ ಹಿಡಿದುಕೊಂಡು ಅತ್ತೆ. ಎಂಟು ತಿಂಗಳು ಮೇಷ್ಟ್ರೇ. ಅವ್ವನಿಗೆ ಇನ್ನೂ ಹೇಳಿಲ್ಲ. ಜಿಮ್ಮಿಗೆ ಬಂದು ಹೇಳಿದಾಗ ತಿಮ್ಮೇಶ್ ಸರ್ ಬರೆಯಲು ಈ ಹಾಳೆಗಳನ್ನು ತಂದುಕೊಟ್ಟು ಹೋದರು.

ಇನ್ನು ಹೇಮಶ್ರೀ ಓಡದಿದ್ದರೆ ನನಗೆ ಬರುವುದು ಏನೂ ಇಲ್ಲ. ಈಗಲಾದರೂ ನಂಬಿ. ಸಂಜೆ ಈ ಕಾಗದವನ್ನು ನಾನೇ ತಂದು ನಿಮ್ಮ ಕೈಗೆ ಕೊಟ್ಟು ನಿಮ್ಮ ಮನೆಯ ಗೇಟಿನ ಹೊರಗೆ ನಿಂತಿರುತ್ತೇನೆ. ಓದಿ ಮುಗಿಸಿ ಅವಳನ್ನು ಕರೆಯಿರಿ, ಬೈಯಬೇಡಿ. ಆ ಎಡಗಾಲನ್ನು ನಿಮ್ಮ ತೊಡೆಯ ಮೇಲಿಟ್ಟುಕೊಂಡು ನೀವೇ ಮೆಲ್ಲಗೆ ಮುಟ್ಟಿ ನೋಡಿ. ಅವಳು ಬಾಯಲ್ಲಿ ಏನೇ ಹೇಳಲಿ, ನೀವು ಮುಖ ನೋಡಿ. ನಾಳೆ ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ಅವಳ ಹೆಸರು ಬರೆಸಿದ್ದೇನೆ. ಮೂವರೂ ಮೊದಲ ಬಸ್ಸಿಗೇ ಹೋಗೋಣ. ಬರುವುದಿಲ್ಲ ಅನ್ನುವುದಾದರೆ ಗೇಟಿನವರೆಗೆ ಬಂದು ಅದನ್ನು ನನ್ನ ಮುಖ ನೋಡಿ ಹೇಳಿ. ಹೇಳುವ ತನಕ ನಾನು ಅಲ್ಲಿಂದ ಕದಲುವುದಿಲ್ಲ.

ಆ ಮಗು ಇನ್ನೂ ಹತ್ತು ವರ್ಷ ಓಡಲಿ. ನೀವು ನೂರು ಕಾಲ ಅವಳ ಪಕ್ಕದಲ್ಲಿ ಮೊಪೆಡ್ ಓಡಿಸಿ.

ನಿಮಗೆ ಮೊದಲ ಸಲ ಎದುರಾಡಿದ ನಿಮ್ಮ ಹುಡುಗಿ,
ಸುಧಾ