ಹೊಸ್ತಿಲಾಚೆ ನಿಂತ ಅಪ್ಪ

ಕಾಯ್ ಬೆ,
ತೆತ್ ಹಬ್ಬದ ನಾಲ್ಕನೆಯ ದಿನ, 2007

ನನ್ನ ಮುದ್ದಿನ ಥೋವಾ,

ಹೇಗಿದ್ದೀಯ ಮಗಳೇ? ತೈವಾನಿನಲ್ಲಿ ಚಳಿ ಇನ್ನೂ ಬಿಟ್ಟಿಲ್ಲವಂತೆ. ಕಾರ್ಖಾನೆಯಲ್ಲಿ ದಿನವಿಡೀ ನಿಂತು ಕಾಲು ಬಾತುಕೊಳ್ಳುತ್ತದೆ ಎಂದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ಮಲಗುವ ಮುಂಚೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟುಕೋ, ಸೋಮಾರಿತನ ಮಾಡಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮಗಳು ಸೆನ್ ನನ್ನ ಎದೆಮಟ್ಟಕ್ಕೆ ಬೆಳೆದಿದ್ದಾಳೆ, ಬಿದ್ದಿದ್ದ ಮುಂದಿನ ಹಲ್ಲುಗಳು ಬಂದಿವೆ, ನಕ್ಕರೆ ಥೇಟ್ ನೀನೇ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಬಂದರೆ ಸಾಕು, ನಿಮ್ಮಪ್ಪ ಬಂದು ಪಕ್ಕದಲ್ಲಿ ಕೂತುಬಿಡುತ್ತಾರೆ. ಮಾತೂ ಆಡುವುದಿಲ್ಲ, ಎದ್ದೂ ಹೋಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಸಲ ಹಬ್ಬದ ಬಾಳೆ ಎಲೆ ಕಡುಬನ್ನು ಸೆನ್ ತಾನೇ ಕಟ್ಟಿದಳು. ಅದನ್ನು ನನಗೆ ನಮ್ಮತ್ತೆ ಕಲಿಸಿದರು, ನಿನಗೆ ನಾನು ಕಲಿಸಿದೆ. ನೀನು ಅವಳ ವಯಸ್ಸಿನಲ್ಲಿ ಕಟ್ಟಿದ್ದೆಲ್ಲ ಹಂಡೆಯಲ್ಲಿ ಬಿಚ್ಚಿಕೊಂಡು ಗಂಜಿಯಾಗುತ್ತಿತ್ತು, ನೆನಪಿದೆಯಾ? ಇವಳ ಗಂಟು ಬಿಗಿ. ಒಂದನ್ನು ಪಕ್ಕಕ್ಕೆ ತೆಗೆದಿಟ್ಟು, "ಅಜ್ಜಿ, ಇದು ಅಮ್ಮಂಗೆ" ಎಂದಳು. "ಅಲ್ಲಿಗ್ ಹೋಗೋಷ್ಟ್ರಲ್ಲಿ ಹಳಸೋಗತ್ತೆ ಕಣೇ" ಎಂದೆ. "ಹಾಗಾದ್ರೆ ಅಮ್ಮಾನೇ ಇಲ್ಲಿಗ್ ಬರ್ಲಿ" ಎಂದಳು. ಸೌದೆ ತರುವ ನೆಪದಲ್ಲಿ ನಾನು ಎದ್ದುಹೋದೆ.

ತೆತ್‌ನ ಮೊದಲ ದಿನ, ಹೊಸ ವರ್ಷದ ಬೆಳಿಗ್ಗೆ, ಮನೆಯೊಳಗೆ ಮೊದಲು ಕಾಲಿಡುವವರ ವಿಷಯದಲ್ಲಿ ನಿಮ್ಮಪ್ಪ ಎಂಥವರೆಂದು ನಿನಗೆ ಹೇಳಬೇಕಾಗಿಲ್ಲ. ಮೊದಲು ಬಂದವರ ಕಾಲ್ಗುಣದ ಮೇಲೆ ಇಡೀ ವರ್ಷ ನಡೆಯುತ್ತದೆ ಎಂಬುದು ಅವರ ಅಜ್ಜನ ಕಾಲದಿಂದ ಬಂದ ನಂಬಿಕೆ. ಪ್ರತಿವರ್ಷ ಬರುತ್ತಿದ್ದ ನೆರೆಮನೆಯ ತಾಮ್ ಯಜಮಾನರಿಗೆ ಈ ಸಲ ಹೆಂಡತಿ ತೀರಿಕೊಂಡ ಸೂತಕ. ನಿಮ್ಮಪ್ಪ ಪಂಚಾಂಗ ಹಿಡಿದು ಕೂತರು. ಮೇಷ್ಟ್ರು ಹುಟ್ಟಿದ ವರ್ಷ ಆಗಿಬರುವುದಿಲ್ಲ, ಅಕ್ಕಿ ಗಿರಣಿಯವನಿಗೆ ಯಾವಾಗಲೂ ಗಂಟುಮುಖ. ಕೊನೆಗೆ ದೋಣಿಯ ಎಂಜಿನ್ ರಿಪೇರಿ ಮಾಡುವ ಊತ್ ಪಾಸಾದ. ಗಂಡುಮಕ್ಕಳ ತಂದೆ, ನಗುಮುಖದವನು. ಆದರೆ ಹೇಳಿದ ಹೊತ್ತಿಗೆ ಎಲ್ಲಿಗೂ ಬಂದವನಲ್ಲ.

ಅವತ್ತೂ ಬರಲಿಲ್ಲ. ತಡೆಯಲಾರದೆ ನಿಮ್ಮಪ್ಪ ಅವನ ದೋಣಿ ನೋಡಲು ಕಾಲುವೆಯ ತನಕ ಹೋದರು. ತಿರುಗಿ ಬಂದು ಹೊಸ್ತಿಲ ಮುಂದೆ ಕಾಲೆತ್ತಿದವರು ಹಾಗೇ ನಿಂತುಬಿಟ್ಟರು. ಒಳಗೆ ಬಂದರೆ ತಾವೇ ಮೊದಲಿಗರಾಗುತ್ತೇವೆಂದು ಆಗ ಹೊಳೆದಿದೆ! ಅವರ ಜಾತಕಕ್ಕೋ ಈ ವರ್ಷ ಚೆನ್ನಾಗಿಲ್ಲ. "ಬನ್ರೀ ಒಳಗೆ, ನಿಮ್ಮನೆಗೆ ಬರೋಕೆ ಯಾರಪ್ಪಣೆ ಬೇಕು?" ಎಂದೆ. "ಸುಮ್ನಿರೇ, ಊತ್ ಬರ್ಲಿ" ಎಂದು ಅಂಗಳದಲ್ಲೇ ನಿಂತರು. ಬಿಸಿಲೇರಿತು. ದಾರಿಹೋಕರು, "ಏನ್ ಯಜಮಾನ್ರೇ, ಮನೆಯೋರು ಹೊರಗ್ ಹಾಕಿದ್ರಾ?" ಎಂದು ನಕ್ಕರು. ಮೊದಮೊದಲು ಇವರೂ ನಕ್ಕರು, ಆಮೇಲೆ ನಗು ನಿಂತಿತು.

ಸೆನ್ ಒಳಗಿನಿಂದಲೇ ಕೈ ಚಾಚಿ ಅವರಿಗೆ ಕಡುಬಿನ ತುಂಡು ಕೊಡುತ್ತ, "ತಾತಾ, ನಾವೂ ಇಲ್ಲೇ ನಿಂತಿದ್ವಿ ಅಲ್ವಾ? ನಂಗೆ ಕಾಲು ನೋಯತ್ತೆ ಅಂತ ಅಮ್ಮ ಸೂಟ್‌ಕೇಸ್ ಮೇಲೆ ಕೂರ್ಸಿದ್ಲು" ಎಂದಳು. ಅವಳು ಆಗ ಅಷ್ಟು ಚಿಕ್ಕವಳು, ಅವಳಿಗೆ ನೆನಪಿದೆಯೆಂದು ನನಗೆ ಗೊತ್ತೇ ಇರಲಿಲ್ಲ ಥೋವಾ. ಗಂಡನಿಂದ ಬಿಡುಗಡೆ ಪಡೆದು, ಮಗುವನ್ನು ಕರೆದುಕೊಂಡು ಹಬ್ಬದ ಬೆಳಿಗ್ಗೆಯೇ ನೀನು ಬಂದಾಗ, "ಗಂಡನ್ನ ಬಿಟ್ಟೋಳು ಮೊದ್ಲು ಕಾಲಿಡ್ಬಾರ್ದು, ತಾಮ್ ಬರೋವರ್ಗೂ ಅಲ್ಲೇ ಇರು" ಎಂದು ಬಾಗಿಲಿಗೆ ಅಡ್ಡ ನಿಂತಿದ್ದರಲ್ಲ, ಆ ಮನುಷ್ಯ ಕೈಯಲ್ಲಿದ್ದ ತುಂಡನ್ನು ಬಾಯಿಗಿಡಲಿಲ್ಲ. ಬಹಳ ಹೊತ್ತಿನ ಮೇಲೆ ಕಿಟಕಿಯ ಹತ್ತಿರ ಬಂದು, "ಅವತ್ತು ಎಷ್ಟೊತ್ತು ನಿಲ್ಸಿದ್ದೆ ನಾನವಳನ್ನ?" ಎಂದು ಕೇಳಿದರು. ಮಧ್ಯಾಹ್ನದವರೆಗೆ ಎಂದೆ. ಊತ್ ಬಂದು, ಹರಸಿ, ಗದ್ದಲವೆಬ್ಬಿಸಿ, ತಿಂದು ಹೋದ. ಅವನು ಒಳಗೆ ಬಂದ ಮೇಲೂ ಇವರು ಬೇಗ ಬರಲಿಲ್ಲ. ಕಾಲುವೆಯಲ್ಲಿ ಮುಖ ತೊಳೆದುಕೊಂಡು ಬಂದರು. ಕಣ್ಣು ಕೆಂಪಗಿತ್ತು.

ಹಿರಿಯರ ಪೀಠದ ಮುಂದೆ ನಿನ್ನ ಹೆಸರಿನಲ್ಲೂ ಊದಿನಕಡ್ಡಿ ಹಚ್ಚಿದ್ದೇನೆ. ಅವರು ನಿನ್ನನ್ನು ಕಾಯಲಿ, ಹೊಸ ವರ್ಷ ನಿನ್ನ ಪಾಲಿಗೆ ಹಗುರಾಗಿರಲಿ. ಹೊಟ್ಟೆತುಂಬ ಉಣ್ಣು. ಸೆನ್ ಮುತ್ತು ಕಳಿಸಿದ್ದಾಳೆ.

ನಿನ್ನ
ಅಮ್ಮ

ಮರೆತಿದ್ದೆ: ಮುಂದಿನ ವರ್ಷ ಬರಬೇಡವೆಂದು ನಿಮ್ಮಪ್ಪ ನಿನ್ನೆಯೇ ಊತನಿಗೆ ಹೇಳಿ ಬಂದಿದ್ದಾರೆ. "ಮತ್ತೆ ಯಾರನ್ನ ಕರೀತೀರಿ?" ಎಂದು ಕೇಳಿದೆ. "ಕರೆಯೋದೇನು, ನನ್ ಮಗಳಿಗೆ ಮನೆ ದಾರಿ ಗೊತ್ತಿಲ್ವಾ? ಅವಳೇ ಮೊದ್ಲು ಬರ್ಲಿ" ಎಂದರು. ಇದನ್ನು ನಿನಗೆ ಬರೆಯಕೂಡದಂತೆ. ಆದರೆ ಈ ಕಾಗದವನ್ನು ಅಂಚೆಗೆ ಹಾಕಿ ಬರಲು, ಇನ್ನೂ ಮುಗಿಯಲಿಲ್ಲವಾ ಎನ್ನುತ್ತ, ಆಗಿನಿಂದ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾರೆ.