ಅಪ್ಪನ ಕೋಳಿನಿದ್ದೆ

ಆಸ್ಪತ್ರೆ, ಹೃದಯ ವಿಭಾಗದ ಹೊರಗಿನ ಬೆಂಚು
ಮಾರ್ಚ್ ೧೨, ಬುಧವಾರ ಬೆಳಿಗ್ಗೆ

ಪ್ರೀತಿಯ ತಮ್ಮಯ್ಯಾ,

ಹೇಗಿದ್ದೀಯ? ಪ್ರತಿ ಸಲ ‘ಗುಂಡುಕಲ್ಲಿನ ಹಾಗಿದ್ದೀನಿ’ ಎಂದು ಬರೆದು ಮುಗಿಸಿಬಿಡುತ್ತೀಯ. ಈ ಸಲ ಹಾಗೆ ಮಾಡಬೇಡ. ತಲೆ ಸುತ್ತುತ್ತದೆಯೇ, ಕಣ್ಣು ಕತ್ತಲೆ ಬರುತ್ತದೆಯೇ, ಬಿಡಿಸಿ ಹೇಳು. ನಿಮ್ಮ ಸೇತುವೆ ಕೆಲಸದ ಜಾಗಕ್ಕೆ ನಿನ್ನೆಯಿಂದ ಫೋನ್ ಮಾಡಿ ಸಾಕಾಯಿತು, ಲೈನೇ ಸಿಗುತ್ತಿಲ್ಲ. ರಜೆ ಮುಗಿಸಿ ಹೊರಟಿರುವ ನಿಮ್ಮ ವೆಲ್ಡರ್ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದಾನೆ. ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಅಪ್ಪ ಬದುಕಿದ್ದಾರೆ. ನಿನ್ನೆ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ನಲ್ಲಿ ರಿಪೇರಿಯವನನ್ನು ಬೈಯುತ್ತಿದ್ದವರು ಮಾತಿನ ನಡುವೆಯೇ ಕಣ್ಣು ಮುಚ್ಚಿದರು. ನಮ್ಮ ಮನೆಯಲ್ಲಿ ಅದೇನು ಹೊಸದೇ? ಅಮ್ಮ ಎಂದಿನಂತೆ ‘ಶುರುವಾಯ್ತು ನೋಡು ಕೋಳಿನಿದ್ದೆ’ ಎಂದು ನಕ್ಕು, ಫ್ಯಾನ್ ಹಾಕಿ ಒಳಗೆ ಹೊರಟಳು. ಮರುಕ್ಷಣ ಎದ್ದು ‘ಎಲ್ಲಿದ್ವಿ?’ ಎಂದು ಕೇಳುವುದು ಅಪ್ಪನ ರೂಢಿ. ನಿನ್ನೆ ಕೇಳಲಿಲ್ಲ. ಜಾರಿದ ಕನ್ನಡಕ ತೆಗೆದಿಡಲು ಹೋದೆ. ಗೊರಕೆಯಂಥ ಒಂದು ಸದ್ದು ಬಂತು, ಆಮೇಲೆ ಅದೂ ಇಲ್ಲ. ನೆಲಕ್ಕೆ ಇಳಿಸಿ ಎದೆ ಒತ್ತತೊಡಗಿದೆ. ಶಾಲಾ ಬಸ್ ಓಡಿಸುವ ನಮಗೆಲ್ಲ ಕಲಿಸಿದ್ದರಲ್ಲ, ಅದು ಕೈಗೆ ನೆನಪಿತ್ತು. ಅಮ್ಮ ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ‘ಮೆಲ್ಲಗೆ ಕಣೇ, ನೋವಾಗತ್ತೆ ಅವ್ರಿಗೆ’ ಎನ್ನುತ್ತಿದ್ದಳು. ಆಂಬುಲೆನ್ಸಿನವರು ಬಂದು ಶಾಕ್ ಕೊಟ್ಟ ಮೇಲೆ ನಾಡಿ ಮರಳಿತು. ಪಕ್ಕೆಲುಬು ಬಿರುಕು ಬಿಟ್ಟಿದೆ. ಸಂಜೆ ಎಚ್ಚರವಾದಾಗ ಅಪ್ಪನ ಮೊದಲ ಮಾತು, ‘ಎದೆ ಮೇಲೆ ಬಸ್ ಹತ್ತಿಸಿದ್ಯೇನೇ?’ ನಗು ಬಂತು.

ರಕ್ತನಾಳದಲ್ಲಿ ಅಡ್ಡಿಯೇನೂ ಇಲ್ಲವಂತೆ. ಡಾಕ್ಟರಮ್ಮ ಇ.ಸಿ.ಜಿ. ಪಟ್ಟಿಯನ್ನು ಮತ್ತೆ ಮತ್ತೆ ನೋಡಿ, ‘ಹಿಂದೆ ಎಚ್ಚರ ತಪ್ಪಿದ್ರಾ?’ ಎಂದು ಕೇಳಿದರು. ‘ಇಲ್ಲಮ್ಮ, ನಿದ್ದೆ ಮಾತ್ರ ಜಾಸ್ತಿ’ ಎಂದಳು ಅಮ್ಮ. ‘ಎಂಥ ನಿದ್ದೆ?’ ಅಂದರು. ಮನೆಗೆ ಬಂದವರಿಗೆಲ್ಲ ಹೇಳುವ ಹಾಗೆ ನಗುತ್ತಲೇ ಶುರುಮಾಡಿದ ಅಮ್ಮ ಅರ್ಧಕ್ಕೆ ನಿಲ್ಲಿಸಿದಳು. ಅದು ನಿದ್ದೆಯಲ್ಲವಂತೆ, ಪ್ರಜ್ಞೆ ತಪ್ಪುತ್ತಿದ್ದುದು. ಹೃದಯ ಬಡಿಸುವ ವಿದ್ಯುತ್ತಿನಲ್ಲೇ ಹುಟ್ಟಿನಿಂದ ದೋಷ. ಮತ್ತೆ ಲಯ ತಪ್ಪಿದರೆ ತಾನೇ ಶಾಕ್ ಕೊಡುವ ಪುಟ್ಟ ಯಂತ್ರವನ್ನು ನಾಳೆ ಎದೆಯ ಚರ್ಮದಡಿ ಇಡುತ್ತಾರೆ. ಈ ದೋಷ ಮಕ್ಕಳಿಗೂ ಬರಬಹುದಂತೆ. ನನ್ನ ಇ.ಸಿ.ಜಿ. ತೆಗೆದರು, ಸರಿಯಿದೆ. ಇನ್ನು ಉಳಿದವನು ನೀನು.

ಅಮ್ಮ ಐ.ಸಿ.ಯು. ಬಾಗಿಲು ಬಿಟ್ಟು ಕದಲುತ್ತಿಲ್ಲ. ಅಪ್ಪ ಕಣ್ಣು ಮುಚ್ಚಿದರೆ ಸಾಕು, ನರ್ಸನ್ನು ಕೂಗುತ್ತಾಳೆ. ನಿನಗೆ ನೂರು ವರ್ಷ ಆಯುಸ್ಸು ಎಂದು ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ.

ನಿನ್ನ
ಅಕ್ಕ

ಇನ್ನೊಂದು ಮಾತು: ವೆಲ್ಡರ್‌ಗೆ ಹೊತ್ತಾಯಿತು. ‘ಅಪ್ಪನ ಕೋಳಿನಿದ್ದೆ ನನಗೂ ಅಂಟಿದೆ ಅಕ್ಕ, ಕ್ರೇನ್ ಮೇಲೆ ಕೂತಲ್ಲೇ ಹೊಡೀತೀನಿ’ ಎಂದು ನೀನು ಹೋದ ಪತ್ರದಲ್ಲಿ ಬರೆದಿದ್ದೆ. ಇ.ಸಿ.ಜಿ. ಆಗುವವರೆಗೂ ಕ್ರೇನ್ ಹತ್ತಬೇಡ. ವೆಲ್ಡರ್‌ಗೂ ಹೇಳಿದ್ದೇನೆ: ನೀನು ಮೇಲಿದ್ದರೆ ಮೊದಲು ಕೂಗಿ ಕೆಳಗಿಳಿಸಬೇಕು, ಪತ್ರ ಆಮೇಲೆ ಕೊಡಬೇಕು ಅಂತ.