ತಿಪ್ಪಿಗಿ ಹೋದ ಚಂಡಹೂ

ಅಲ್ಲ ಪದ್ಮಾ, ಬಾಡಾಕತ್ತಾವ ಅಂತ ನಿನ್ನೆ ಹೇಳಿದ್ನಲ್ಲ, ಆ ಚಂಡಹೂ ಎಲ್ಲಾ ಇವತ್ತು ನಮ್ಮ ದುಂಡಕ್ಕ ಕಿತ್ತು ತಿಪ್ಪಿಗಿ ಒಗೆದಳು. ಮಮದಾಪುರದಿಂದ ಮುಂಜಾನೆ ಬಂದಾಕಿ, ನಾ ಚಾ ಕುಡಿಯೂದರಾಗ ಅಂಗಳ ಬೋಳು ಮಾಡಿದಳು.

"ಒಣಗಿದ ಹೂ ಹಂಗ ಬಿಟ್ಟು, ಹೆಂಗಸರಿಲ್ಲದ ಮನಿ ಅಂತ ಗೋಕಾಕಕ್ಕೆಲ್ಲಾ ಡಂಗುರ ಸಾರತಿಯೇನೋ ತಮ್ಮಾ?"

ನನಗ ಸಿಟ್ಟು ನೆತ್ತಿಗೇರಿತು. "ನಾನ್‌ಸೆನ್ಸ್! ದೆ ಆರ್ ಓನ್ಲಿ ಫೇಡಿಂಗ್!" ಅಂತ ಒದರಿದೆ.

"ನಿನ್ನ ಇಂಗ್ಲಿಷ್ ಕಸಾ ಹೊಡಿಯಂಗಿಲ್ಲಪಾ," ಅಂದಳು.

ಫೇಡಿಂಗ್ ಅನ್ನೂದೂ ಬರೇ ಅರ್ಧಾ ಮಾತು. ಕಾಲೇಜಿನ್ಯಾಗ ಇದರ ಮ್ಯಾಲೆ ಒಂದು ಪೊಯೆಮ್ ಇತ್ತು, ಒಂದು ಸಾಲೂ ನೆನಪಿಲ್ಲ. ಅಂಚು ತಾಮ್ರ ಆಗಿ, ನಡುವ ಇನ್ನೂ ಅರಿಶಿಣ ಉಳಿದಿರತೈತಲ್ಲ, ಅದಕ್ಕ ಏನಂತಾರ? "ಒಂದೀಟ ನೋಡ ಬರ್ರಿ" ಅಂತ ನೀ ಕರೀತಿದ್ದಿ. ಈಗ ದಿನಾ ನೋಡತಿದ್ದೆ.

ಹುಕ್ಕೇರಿ ತವರಿನಿಂದ ನೀ ಉಡಿಯಾಗ ತಂದ ಬೀಜದ ವಂಶ ಅದು. ಹೂ ಗಿಡದ ಮ್ಯಾಲೇ ಒಣಗಿದ್ರಷ್ಟ ಮುಂದಿನ ವರ್ಷಕ್ಕ ಬೀಜ. ನೀ ತೀರಿಕೊಂಡ ಮ್ಯಾಲೆ ಇದು ಮೊದಲನೇ ಹೂವು, ಅಕ್ಕಗ ಇದನ್ನ ಹೆಂಗ ಹೇಳಲಿ?

ತಿಪ್ಪಿ ಕೆದರಿ ಆರಿಸಿ ತಂದು, ಅಂಗೈಯಾಗ ತಿಕ್ಕಿ ನೋಡಕೋತ ಇದನ್ನ ಬರೀತೇನಿ. ಎಲ್ಲಾ ಇನ್ನೂ ಹಸಿ. ಒಂದರಾಗ ಮಾತ್ರ ಕರ್ರಗ ಏನೋ ಕಂಡಂಗಾತು. ಸಂಜಿ ಬೆಳಕು ಹೊಂಟೈತಿ, ಬೀಜೋ ಹೊಟ್ಟೋ ತಿಳೀವಲ್ದು.